ಗೋಡೆಯ ಗೆರೆ ಎಳೆಯುವ ಮುಂಚೆ ಬನ್ನಿ

ಕರ್ನಾಟಕದ ಹೊಳೆ, ಹಳ್ಳ, ಕೆರೆಗಳ ದಡದಲ್ಲಿ ಬೈನಾಕ್ಯುಲರ್ ಹಿಡಿದು ನಿಲ್ಲುವ ಎಲ್ಲ ಪಕ್ಷಿವೀಕ್ಷಕರಿಗೆ,



ನಾನು ಸಿವಿಲ್ ಎಂಜಿನಿಯರ್. ನದಿ ದಂಡೆಗೆ ತಡೆಗೋಡೆ, ಕಲ್ಲು ಪಿಚಿಂಗ್, ಹೂಳೆತ್ತುವುದು, ಹಳ್ಳದ ಅಗಲೀಕರಣ, ಇಂಥ ಕೆಲಸಗಳ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬರೆದುಕೊಡುವುದು ನನ್ನ ಹೊಟ್ಟೆಪಾಡು. ನೀವು ಮನವಿಪತ್ರ ಹಿಡಿದು ಜಿಲ್ಲಾಧಿಕಾರಿಗಳ ಸಭೆಗೆ ಬಂದಾಗ ಮೇಜಿನ ಆಚೆ ಬದಿಯಲ್ಲಿ ನಕ್ಷೆಯ ಸುರುಳಿ ಹಿಡಿದು ಕೂತಿರುವವರಲ್ಲಿ ನಾನೂ ಒಬ್ಬ. ಜಗಳಕ್ಕೆ ಬಂದಿಲ್ಲ. ನಿಮ್ಮಿಂದ ನಮಗೊಂದು ಬೇಕಾಗಿದೆ, ಅದನ್ನು ಕೇಳಲು ಬರೆಯುತ್ತಿದ್ದೇನೆ. ನಡುವೆ ಒಂದೆರಡು ಮಾತು ಖಾರವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ. ನೀವು ಬರುವುದು ತಡವಾಗಿ. ತರುವುದು ನಮಗೆ ಉಪಯೋಗಕ್ಕೆ ಬಾರದ ಕಾಗದ.

ಒಂದು ಪಟ್ಟಣದಲ್ಲಿ ತಡೆಗೋಡೆಯ ಬಗ್ಗೆ ಸಭೆಯಿತ್ತು. ಊರಿನ ಪಕ್ಷಿಬಳಗದವರು ಬಂದಿದ್ದರು. ಚೆಂದದ ಫೋಟೋಗಳು, ಜೊತೆಗೆ ನೂರು ಚಿಲ್ಲರೆ ಜಾತಿಗಳ ಪಟ್ಟಿ. ಕನ್ನಡ ಹೆಸರು, ವೈಜ್ಞಾನಿಕ ಹೆಸರು, ವಲಸೆಯೋ ಸ್ಥಳೀಯವೋ, ಎಲ್ಲ ನೀಟಾಗಿ ಟೈಪ್ ಮಾಡಿಸಿದ್ದರು. ಕಾರ್ಯಪಾಲಕ ಎಂಜಿನಿಯರ್ ಸಾಹೇಬರು ಒಳ್ಳೆಯ ಮನುಷ್ಯ; ಪಟ್ಟಿಯನ್ನು ಕೊನೆಯ ಪುಟದವರೆಗೆ ತಿರುವಿದರು. ಆಮೇಲೆ ಮೇಜಿನ ಮೇಲೆ ಅಲೈನ್‌ಮೆಂಟ್ ನಕ್ಷೆ ಹರವಿ, "ಸರಿ ಸ್ವಾಮಿ, ಇಷ್ಟು ಹಕ್ಕಿ ಇವೆ. ಈಗ ಹೇಳಿ, ಈ ಗೋಡೆ ಎಲ್ಲಿ ಹಿಂದೆ ಸರಿಯಬೇಕು, ಎಲ್ಲಿ ಬಿಡಬೇಕು?" ಅಂತ ಪೆನ್ಸಿಲ್ ಮುಂದೆ ಚಾಚಿದರು. ಯಾರೂ ಪೆನ್ಸಿಲ್ ತೆಗೆದುಕೊಳ್ಳಲಿಲ್ಲ. ಒಬ್ಬರು, "ಇಡೀ ಹೊಳೆಯೇ ಸೂಕ್ಷ್ಮ ಪ್ರದೇಶ ಸಾರ್" ಅಂದರು. ಇಡೀ ಹೊಳೆ ಅಂದರೆ ನಮ್ಮ ಲೆಕ್ಕದಲ್ಲಿ ಎಲ್ಲೂ ಅಲ್ಲ ಅಂತಲೇ. ಸಭೆಯ ನಡವಳಿಯಲ್ಲಿ "ಪಕ್ಷಿಪ್ರಿಯರ ಅಹವಾಲನ್ನು ಪರಿಶೀಲಿಸಲಾಯಿತು" ಎಂದು ಒಂದು ಸಾಲು ಬಿತ್ತು. ಗೋಡೆ ನಕ್ಷೆಯಲ್ಲಿದ್ದ ಹಾಗೆಯೇ ಎದ್ದಿತು.

ನಮ್ಮ ಕಡೆ ಕೆಲಸ ನಡೆಯುವ ಕ್ರಮ ನಿಮಗೆ ಗೊತ್ತಿದ್ದರೆ ಒಳ್ಳೆಯದು. ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ನುಗ್ಗುತ್ತದೆ. ಮಂತ್ರಿಗಳು ಬಂದು, ಪಂಚೆ ಎತ್ತಿ ಕಟ್ಟಿ, ನೀರಿನಲ್ಲಿ ನಾಲ್ಕು ಹೆಜ್ಜೆ ಹಾಕಿ, "ಶಾಶ್ವತ ಪರಿಹಾರ" ಅನ್ನುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಂದಾಜುಪಟ್ಟಿ. ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್. ಗುತ್ತಿಗೆದಾರನ ಹಿಟಾಚಿ ಹೊಳೆಗೆ ಇಳಿಯುವ ಹೊತ್ತಿಗೆ ಜನವರಿ ಕಳೆದಿರುತ್ತದೆ, ಏಕೆಂದರೆ ನೀರು ತಗ್ಗದೆ ಪಾಯ ತೆಗೆಯಲು ಬರುವುದಿಲ್ಲ. ಮಾರ್ಚ್ ಎಂಡ್‌ಗೆ ಒಂದು ಬಿಲ್ಲು, ಮುಂಗಾರಿಗೆ ಮುಂಚೆ ಕೆಲಸ ಪೂರ್ತಿ. ಫೆಬ್ರವರಿಯಿಂದ ಮೇ, ಇಷ್ಟೇ ನಮಗೆ ಸಿಗುವ ಕಾಲ. ನದಿ ರೀವ ಮರಳುದಿಬ್ಬದ ಮೇಲೆ ಮೊಟ್ಟೆಯಿಡುವುದೂ ಇದೇ ತಿಂಗಳುಗಳಲ್ಲಿ, ಇದೇ ಕಾರಣಕ್ಕೆ: ಹೊಳೆ ತಗ್ಗಿ ದಿಬ್ಬ ಬಯಲಾಗಿರುತ್ತದೆ. ನಮ್ಮ ಪಂಚಾಂಗವೂ ಆ ಹಕ್ಕಿಯ ಪಂಚಾಂಗವೂ ಒಂದೇ.

ನಿಮ್ಮದು ಮಾತ್ರ ಬೇರೆ. ನಿಮ್ಮ ದೊಡ್ಡ ಎಣಿಕೆ, 1987ರಿಂದ ನಡೆದು ಬಂದಿರುವ ಏಷ್ಯಾ ಜಲಪಕ್ಷಿ ಗಣತಿ, ಜನವರಿಯಲ್ಲಿ. ಅದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಚಳಿಗಾಲದ ಅತಿಥಿಗಳು ಆಗ ಒಂದೆಡೆ ನಿಂತಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಲು ಜನವರಿಗಿಂತ ಒಳ್ಳೆಯ ತಿಂಗಳಿಲ್ಲ. ಆ ಎಣಿಕೆಗಳ ಬಲವೂ ಸೇರಿಯೇ 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಮೂರೂ ರಾಮ್ಸರ್ ಪಟ್ಟಿ ಸೇರಿದವು. ಆದರೆ ನನ್ನ ಹಿಟಾಚಿಯ ಕೆಳಗೆ ಬರುವ ರೀವದ ಗೂಡಿನ ಬಗ್ಗೆ ಜನವರಿಯ ಎಣಿಕೆ ಒಂದಕ್ಷರ ಹೇಳುವುದಿಲ್ಲ. ಜನವರಿಯಲ್ಲಿ ಆ ಗೂಡು ಇನ್ನೂ ಇರುವುದೇ ಇಲ್ಲ. ಎಷ್ಟೋ ಕಡೆ ಆ ದಿಬ್ಬವೇ ಆಗ ನೀರಿನಡಿ.

ಗೂಡು ಅಂದೆ. ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಗೂಡು ಅನ್ನಿಸಿಕೊಳ್ಳುವಂಥದ್ದೇನೂ ಅಲ್ಲ. ಮರಳಿನಲ್ಲಿ ಬೊಗಸೆಯಷ್ಟು ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ, ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಒಂದು ಕಡ್ಡಿಯ ಆಸರೆಯೂ ಇರುವುದಿಲ್ಲ. ಬಿಸಿಲೇರಿದಾಗ ತಾಯಿಹಕ್ಕಿ ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಮರಿ ಗಾಬರಿಯಾದರೆ ನೆಲಕ್ಕೆ ಅಂಟಿಕೊಂಡು ಅಲುಗಾಡದೆ ಬಿದ್ದಿರುತ್ತದೆ. ನಾಯಿಯಿಂದ, ಹದ್ದಿನಿಂದ ಉಳಿಯಲು ಅದೇ ಉಪಾಯ. ಕ್ಯಾಬಿನ್ನಿನಲ್ಲಿ ಕೂತ ಆಪರೇಟರ್ ಹುಡುಗನಿಗೆ ಅದು ಕಾಣುವ ಮಾತೇ ಇಲ್ಲ. ಅವನನ್ನು ಬೈದು ಫಲವೂ ಇಲ್ಲ. ಅವನ ಕೈಗೆ ಕೊಟ್ಟ ನಕ್ಷೆಯಲ್ಲಿ ಆ ದಿಬ್ಬಕ್ಕೆ ಒಂದು ಕೆಂಪು ಗೆರೆ ಇರಬೇಕಿತ್ತು. ಆ ಗೆರೆ ಎಳೆಯಲು ಬೇಕಾದ ಮಾಹಿತಿ ನಿಮ್ಮಲ್ಲಿ ಯಾರದೋ ಡೈರಿಯಲ್ಲಿ ಇತ್ತು.

ಈಗ ನೀವು ಕೇಳಬಹುದು, ಎಂಜಿನಿಯರನಿಗೆ ಹಕ್ಕಿಯ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಯಾಕೆ ಅಂತ. ಪ್ರೀತಿ ಇರಲಿ ಬಿಡಿ. ನನ್ನ ಮಾತು ಬೇರೆ: ಸರಿಯಾಗಿ ಮಾಡಿದ ಹಕ್ಕಿ ಸಮೀಕ್ಷೆ ಹೊಳೆಯ ಬಗ್ಗೆ ಹೇಳುವುದನ್ನು ನಮ್ಮ ಸರ್ವೇ ತಂಡದ ಟೋಟಲ್ ಸ್ಟೇಷನ್ ಹೇಳುವುದಿಲ್ಲ. ನಮ್ಮ ಹುಡುಗರು ಒಂದು ವಾರ ಬಂದು ಕ್ರಾಸ್ ಸೆಕ್ಷನ್ ತೆಗೆದುಕೊಂಡು ಹೋಗುತ್ತಾರೆ. ಅದು ಆ ವಾರದ ಹೊಳೆ. ಹಕ್ಕಿ ಹಾಗಲ್ಲ, ವರ್ಷದ ಮೇಲೆ ವರ್ಷ ಹೊಳೆಯ ನಡತೆಯನ್ನು ನಂಬಿ ಸಂಸಾರ ಹೂಡುತ್ತದೆ.

ಕಳ್ಳಿಪೀರವನ್ನೇ ತೆಗೆದುಕೊಳ್ಳಿ. ಶ್ರೀರಂಗಪಟ್ಟಣದ ಆಸುಪಾಸಿನ ಕಾವೇರಿ ದಂಡೆಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಬೇಸಿಗೆಯಲ್ಲಿ ಗುಂಪಾಗಿ ಬಿಲ ಕೊರೆಯುವುದನ್ನು ನಿಮ್ಮಲ್ಲಿ ಎಷ್ಟೋ ಜನ ಫೋಟೋ ತೆಗೆದಿದ್ದೀರಿ. ದಂಡೆಗೋಡೆಯ ಮಣ್ಣಿನಲ್ಲಿ ಬಿಲ ಕೊರೆಯುವ ಹಕ್ಕಿಗಳಿಗೆ, ಕಳ್ಳಿಪೀರವಾಗಲಿ, ಮಿಂಚುಳ್ಳಿಯಾಗಲಿ, ಹೆಚ್ಚಾಗಿ ಬೇಕಾಗುವುದು ಕಡಿದಾಗಿ ನಿಂತ, ಕಲ್ಲಿಲ್ಲದ, ಮರಳು ಬೆರೆತ ಮೆದು ಮಣ್ಣು. ಹೊಸದಾಗಿ ಕೊರೆದ ಮುಖವಾದರೆ ಇನ್ನೂ ಒಳ್ಳೆಯದು. ಹುಲ್ಲು ಬೆಳೆದು ಇಳಿಜಾರಾದ ದಂಡೆಯನ್ನು ಅವು ಬಿಟ್ಟುಹೋಗುತ್ತವೆ. ಇದನ್ನೇ ನಮ್ಮ ಭಾಷೆಗೆ ತಿರುಗಿಸಿ ನೋಡಿ. ಮೆದು ಮಣ್ಣು, ಕಡಿದಾದ ಮುಖ, ಪ್ರತಿವರ್ಷ ತಾಜಾ ಕೊರೆತ: ಗೋಡೆಯ ಪಾದ ಕುಸಿಯಲು ಬೇಕಾದದ್ದೆಲ್ಲ ಅಲ್ಲಿದೆ. ಬಿಲಗಳ ಸಾಲು ಎಲ್ಲಿದೆಯೋ ಅಲ್ಲಿ ಹೊಳೆ ದಂಡೆಯನ್ನು ತಿನ್ನುತ್ತಿದೆ. ಅಂಥ ಕಡೆ ಅಂಚಿಗೇ ಗೋಡೆ ಕಟ್ಟಿದರೆ ಎರಡು ಮೂರು ಮಳೆಗಾಲದಲ್ಲಿ ಟೋ ವಾಲ್ ಬಿರುಕು ಬಿಡುತ್ತದೆ, ಇಲ್ಲವೇ ಎದುರು ದಂಡೆಯ ರೈತನ ಹೊಲ ಹೋಗುತ್ತದೆ. ಗೋಡೆಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಮುಂದಿನ ಪಟ್ಟಿಯನ್ನು ಹೊಳೆಗೇ ಬಿಟ್ಟರೆ ಬಿಲವೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಹಿಂದೆ ಮನೆಗಳಿದ್ದು ಸರಿಯಲು ಜಾಗವೇ ಇಲ್ಲದ ಕಡೆಗೂ ದಾರಿಯಿದೆ. ಬ್ರಿಟನ್ನಿನಲ್ಲಿ ಕಾಂಕ್ರೀಟ್ ಗೋಡೆಯಲ್ಲೇ ಸಾಲಾಗಿ ಕೊಳವೆ ಕೂರಿಸಿ, ಒಳಗೆ ಮರಳು ತುಂಬಿ, ದಂಡೆಯಲ್ಲಿ ಬಿಲ ಕೊರೆಯುವ ಸ್ಯಾಂಡ್ ಮಾರ್ಟಿನ್ ಹಕ್ಕಿಗಳಿಗೆ ಜಾಗ ಮಾಡಿಕೊಡುತ್ತಾರೆ. ನಮ್ಮ ಕಳ್ಳಿಪೀರ ಅದನ್ನು ಒಪ್ಪುತ್ತದೋ ಇಲ್ಲವೋ ಎಂಬುದನ್ನು ಕಟ್ಟಿ ನೋಡಿಯೇ ತಿಳಿಯಬೇಕು.

ಮರಳುದಿಬ್ಬದ ರೀವವೂ ಹಾಗೆಯೇ. ಒಂದು ದಿಬ್ಬದ ಮೇಲೆ ಮಾರ್ಚ್ 10ಕ್ಕೆ ಮೊದಲ ಮೊಟ್ಟೆ ಕಂಡಿತು ಅಂತ ನೀವು ಬರೆದಿಟ್ಟಿರಿ ಅನ್ನೋಣ. ಅದೇ ದಿನ ಹತ್ತಿರದ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ, ಕೊಳ್ಳೇಗಾಲವೋ ಟಿ. ನರಸೀಪುರವೋ, ನೀರಿನ ಮಟ್ಟ ಎಷ್ಟಿತ್ತು ಎಂಬ ದಾಖಲೆ ನಮ್ಮಲ್ಲಿ ಸಿಗುತ್ತದೆ. ಎರಡನ್ನೂ ಸೇರಿಸಿದರೆ ಆ ದಿಬ್ಬದ ಎತ್ತರ, ಅದು ಯಾವ ಹರಿವಿಗೆ ಮುಳುಗುತ್ತದೆ ಎಂಬ ಅಂದಾಜು ಬಂದುಬಿಡುತ್ತದೆ. ಭದ್ರಾ ಜಲಾಶಯದ ಹಿನ್ನೀರಿನಲ್ಲಿ, ಲಕ್ಕವಳ್ಳಿ ಬಳಿಯ ನಡುಗಡ್ಡೆಗಳಲ್ಲಿ, ಬೇಸಿಗೆಯಲ್ಲಿ ರೀವಗಳು ಸಾವಿರಗಟ್ಟಲೆ ಸೇರುತ್ತವೆ. ಅಲ್ಲಿ ಜಲಾಶಯದ ಮಟ್ಟವನ್ನು ದಿನಾ ಬರೆದಿಡುತ್ತಾರೆ. ಯಾವ ಮಟ್ಟದಲ್ಲಿ ಎಷ್ಟು ನಡುಗಡ್ಡೆ ಹೊರಬಿತ್ತು, ಎಷ್ಟು ಜೋಡಿ ಕೂತವು ಎಂಬ ಎರಡು ಕಾಲಂ ಹತ್ತು ವರ್ಷ ಅಕ್ಕಪಕ್ಕ ಬರೆದಿದ್ದರೆ, ನೀರು ಬಿಡುವ ವೇಳಾಪಟ್ಟಿ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಹೊರದೇಶದ ಒಂದು ಕಥೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ನಮ್ಮ ಕಸುಬಿನವರು ಕಾಲೇಜಿನಲ್ಲಿ ಇದರ ಅರ್ಧವನ್ನಷ್ಟೇ ಓದುತ್ತಾರೆ.

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ನೆದರ್‌ಲೆಂಡ್ಸ್‌ನ ನೈಋತ್ಯ ಭಾಗದ ಏರಿಗಳು ಒಡೆದವು. ಆ ದೇಶವೊಂದರಲ್ಲೇ 1,836 ಜನ ಸತ್ತರು. ಇನ್ನೆಂದೂ ಹೀಗಾಗಕೂಡದು ಅಂತ ಡಚ್ಚರು ಡೆಲ್ಟಾ ಯೋಜನೆ ಹಾಕಿದರು: ನದೀಮುಖಗಳ ಬಾಯಿಗೆ ಒಂದೊಂದಾಗಿ ಕಟ್ಟೆ ಕಟ್ಟಿ ಸಮುದ್ರವನ್ನು ಹೊರಗಿಡುವುದು. ಕೊನೆಯಲ್ಲಿ ಉಳಿದದ್ದು ಓಸ್ಟರ್‌ಸ್ಕೆಲ್ಡೆ. ಅದನ್ನೂ ಪೂರ್ತಿ ಮುಚ್ಚುವ ಕೆಲಸ ಶುರುವಾಗಿತ್ತು. ಮುಚ್ಚಿದರೆ ಉಬ್ಬರ ಇಳಿತ ನಿಲ್ಲುತ್ತದೆ. ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಮರಳಿನ ಬಯಲು ಮುಗಿದುಹೋಗುತ್ತದೆ. ಸಿಂಪಿ ಸಾಕುವವರು, ಮೀನುಗಾರರು, ಆ ಬಯಲಿನಲ್ಲಿ ಮೇಯುವ ಸಾವಿರಾರು ದಡದ ಹಕ್ಕಿಗಳ ಪರವಾಗಿ ಮಾತಾಡುವವರು, ಎಲ್ಲರೂ ಒಂದಾಗಿ ಎದ್ದು ನಿಂತರು. 1976ರಲ್ಲಿ ಅಲ್ಲಿನ ಸಂಸತ್ತು ದಾರಿ ಬದಲಿಸಿತು. ಗಟ್ಟಿ ಕಟ್ಟೆಯ ಬದಲು 62 ಉಕ್ಕಿನ ಗೇಟುಗಳ ತಡೆ. ದಿನನಿತ್ಯ ಗೇಟು ಮೇಲೆ, ಸಮುದ್ರ ಒಳಗೆ ಹೊರಗೆ ಆಡುತ್ತಿರುತ್ತದೆ. ನೀರು 3 ಮೀಟರ್ ಮಟ್ಟ ಮೀರುತ್ತದೆ ಎಂಬ ಮುನ್ಸೂಚನೆ ಬಂದಾಗ ಗೇಟು ಕೆಳಗೆ. 1986ರ ಅಕ್ಟೋಬರ್‌ನಲ್ಲಿ ರಾಣಿ ಬಿಯಾಟ್ರಿಕ್ಸ್ ಅದನ್ನು ಉದ್ಘಾಟಿಸಿದರು. ನಮ್ಮ ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ, ಚಪ್ಪಾಳೆಯೊಂದಿಗೆ.

ಮುಂದಿನ ಭಾಗವೇ ಎಂಜಿನಿಯರನಿಗೆ ಪಾಠ. ಗೇಟಿನ ಕಂಬಗಳು ನದೀಮುಖದ ಬಾಯನ್ನು ಕಿರಿದು ಮಾಡಿದವು, ಉಬ್ಬರದ ಸೆಳೆತ ಕುಗ್ಗಿತು. ಬಿರುಗಾಳಿ ಬಂದಾಗ ಅಲೆಗಳು ಬಯಲಿನ ಮರಳನ್ನು ಕಾಲುವೆಗಳಿಗೆ ಎಳೆದು ಹಾಕುತ್ತವೆ. ಮೊದಲಾದರೆ ಜೋರಾದ ಸೆಳೆತ ಅದನ್ನು ಮತ್ತೆ ಮೇಲಕ್ಕೆ ತಂದು ಹರಡುತ್ತಿತ್ತು. ಈಗ ಆ ಶಕ್ತಿ ಇಲ್ಲ. ಹೋದ ಮರಳು ಹೋಯಿತು. ಬಯಲು ವರ್ಷ ವರ್ಷವೂ ತಗ್ಗುತ್ತಿದೆ. ತಗ್ಗಿದ ಬಯಲು ನೀರಿನಡಿ ಹೆಚ್ಚು ಹೊತ್ತು ಇರುತ್ತದೆ. ಅಲ್ಲಿ ಇಳಿತದ ವೇಳೆ ಚಿಪ್ಪುಜೀವಿಗಳನ್ನು ಬಿಡಿಸಿ ತಿನ್ನುವ ಆಯ್ಸ್ಟರ್‌ಕ್ಯಾಚರ್ ಹಕ್ಕಿಗೆ ಮೇಯುವ ಸಮಯ ಕಮ್ಮಿಯಾಗುತ್ತದೆ. ಹಕ್ಕಿ ಎಣಿಸುವವನು "ಇಲ್ಲಿ ಎಷ್ಟು ಹೊತ್ತು ಮೇವು ಸಿಗುತ್ತದೆ" ಅಂತ ಕೇಳುತ್ತಾನೆ. ಎಂಜಿನಿಯರ್ "ಬಯಲಿನ ಎತ್ತರ ಎಷ್ಟು ಉಳಿದಿದೆ" ಅಂತ ಕೇಳುತ್ತಾನೆ. ಇಬ್ಬರೂ ಕೇಳುತ್ತಿರುವುದು ಒಂದನ್ನೇ. ಯಾಕೆಂದರೆ ಆ ಬಯಲೇ ಏರಿಯ ಮುಂದೆ ನಿಂತು ಅಲೆಯ ಹೊಡೆತವನ್ನು ಮುರಿಯುವುದು. ಬಯಲು ತಗ್ಗಿದಷ್ಟೂ ಏರಿಗೆ ಬಡಿಯುವ ಅಲೆ ದೊಡ್ಡದು. ಕೊನೆಗೆ 2019ರಲ್ಲಿ ರೋಗೆನ್‌ಪ್ಲಾಟ್ ಎಂಬ ಬಯಲಿನ ಮೇಲೆ ಸುಮಾರು 13 ಲಕ್ಷ ಘನ ಮೀಟರ್ ಮರಳು ತಂದು ಸುರಿದರು, ಹಕ್ಕಿಯ ಮೇವಿನ ನೆಲ ಎತ್ತರಿಸಲು. ಹಕ್ಕಿಗೆಂದು ಹಾಕಿದ ಮರಳು ಊರಿಗೂ ಆಸರೆಯೇ.

ಇಷ್ಟೆಲ್ಲ ಹೇಳಿದರೂ ಸಭೆಯಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಹಕ್ಕಿಗೆ ರೆಕ್ಕೆ ಇದೆಯಲ್ಲ ಸಾರ್, ಪಕ್ಕದ ಹೊಳೆಗೆ ಹಾರಿಹೋಗುತ್ತೆ." ಈ ಮಾತಿಗೆ ನೀವು ಸಿಟ್ಟಾಗುತ್ತೀರಿ, ಭಾವುಕರಾಗುತ್ತೀರಿ. ಸಿಟ್ಟು ಬೇಡ, ಕಾರ್ಡಿಫ್ ಹೆಸರು ಹೇಳಿ. ವೇಲ್ಸ್‌ನ ರಾಜಧಾನಿ. ಅಲ್ಲಿನ ಕೊಲ್ಲಿಗೆ 1999ರಲ್ಲಿ ಅಡ್ಡಕಟ್ಟೆ ಹಾಕಿ ಸಿಹಿನೀರಿನ ಸರೋವರ ಮಾಡಿದರು. ನೆರೆ ತಡೆಗೆಂದೇ ಹಾಕಿದ್ದಲ್ಲ, ಹಳೆಯ ಬಂದರಿನ ದಂಡೆಯನ್ನು ಚೆಂದ ಮಾಡುವುದು ಮುಖ್ಯ ಉದ್ದೇಶ. ಕೊಲ್ಲಿಯ ಕೆಸರಿನಲ್ಲಿ ಚಳಿಗಾಲ ಕಳೆಯುತ್ತಿದ್ದ ರೆಡ್‌ಶ್ಯಾಂಕ್ ಹಕ್ಕಿಗಳು, ನಮ್ಮ ಗದ್ದೆಯ ಗೊರವಗಳ ಸಂಬಂಧಿಗಳೇ, ಕೆಂಪು ಕಾಲಿನವು, ಪಕ್ಕದ ನದೀಮುಖಕ್ಕೆ ಹೋದವು. ಹಾರಿಯೇನೋ ಹೋದವು. ಆದರೆ ಕಟ್ಟೆ ಬರುವ ಮುಂಚೆಯೇ ಅವುಗಳ ಕಾಲಿಗೆ ಬಣ್ಣದ ಉಂಗುರ ಹಾಕಿ ಗುರುತು ಮಾಡಿದ್ದರು. ಆಮೇಲೆ ಹಿಂಬಾಲಿಸಿ ನೋಡಿದರೆ, ಸ್ಥಳ ಬಿಟ್ಟುಬಂದ ಹಕ್ಕಿಗಳ ಮೈತೂಕ ಇಳಿದಿತ್ತು; ವರ್ಷದಿಂದ ವರ್ಷಕ್ಕೆ ಬದುಕುಳಿಯುವ ಪ್ರಮಾಣ ನೂರಕ್ಕೆ ಸುಮಾರು 85ರಿಂದ 78ಕ್ಕೆ ಬಿದ್ದಿತ್ತು. ಪಕ್ಕದ ಹೊಳೆಯಲ್ಲಿ ಜಾಗ ಖಾಲಿ ಇಟ್ಟುಕೊಂಡು ಯಾರೂ ಕಾಯುತ್ತಿರುವುದಿಲ್ಲ. ಇದನ್ನು ಸಾಬೀತು ಮಾಡಲು ಆದದ್ದು ಕಟ್ಟೆಗೆ ಮುಂಚಿನ ದಾಖಲೆ ಇದ್ದದ್ದರಿಂದ. ಕಟ್ಟಿದ ಮೇಲೆ ಎಣಿಸಲು ಹೋಗಿದ್ದರೆ, "ಇಷ್ಟೇ ಇದ್ದವು ಅಂತ ಕಾಣುತ್ತೆ" ಅನ್ನುವುದರಲ್ಲಿ ಮುಗಿಯುತ್ತಿತ್ತು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಮೆಡ್ಮೆರಿ ಇದರ ಇನ್ನೊಂದು ಮುಖ. ಅಲ್ಲಿ ಚಳಿಗಾಲ ಬಂತೆಂದರೆ ಉರುಟುಗಲ್ಲಿನ ದಿಬ್ಬವನ್ನು ಬುಲ್ಡೋಜರ್‌ನಿಂದ ಎತ್ತಿ ಕಟ್ಟುವುದೇ ಕೆಲಸವಾಗಿತ್ತು. 2008ರಲ್ಲಿ ಅದೂ ಒಡೆದು ನೀರು ನುಗ್ಗಿತ್ತು. ಕೊನೆಗೆ ಒಳನಾಡಿನಲ್ಲಿ 7 ಕಿಲೋಮೀಟರ್ ಹೊಸ ಏರಿ ಕಟ್ಟಿ, 2013ರ ಸೆಪ್ಟೆಂಬರ್‌ನಲ್ಲಿ ಹಳೆಯ ದಿಬ್ಬವನ್ನು ತಾವೇ ಒಡೆದು, 183 ಹೆಕ್ಟೇರಿನಷ್ಟು ಜಾಗವನ್ನು ಸಮುದ್ರದ ಉಬ್ಬರಕ್ಕೆ ಬಿಟ್ಟುಕೊಟ್ಟರು. ಖರ್ಚು 2.8 ಕೋಟಿ ಪೌಂಡ್. ಹೀಗೆ ಬಿಟ್ಟುಕೊಡಲು ಕಾರಣಗಳಲ್ಲಿ ಒಂದು, ಪಕ್ಕದ ಸೋಲೆಂಟ್ ಕರಾವಳಿಯಲ್ಲಿ ಗೋಡೆಗಳಿಂದ ನಷ್ಟವಾಗುತ್ತಿರುವ ಹಕ್ಕಿಗಳ ನೆಲಕ್ಕೆ ಬದಲಿ ನೆಲ ಕೊಡಲೇಬೇಕೆಂಬ ಕಾನೂನು. ಎಷ್ಟು ನಷ್ಟ, ಎಷ್ಟು ಬದಲಿ ಎಂದು ಲೆಕ್ಕ ಹಾಕಲು ಎಣಿಕೆ ಇಲ್ಲದೆ ಆಗುತ್ತದೆಯೇ? ಮರುವರ್ಷ, 2014ರಲ್ಲಿ, ಅಲ್ಲಿ ಮೆಟ್ಟುಗಾಲು ಹಕ್ಕಿ ಮರಿ ಮಾಡಿತು. ನಮ್ಮ ಕೊಳಚೆ ಹೊಂಡದಲ್ಲೂ ಕಾಣುವ ಅದೇ ಮೆಟ್ಟುಗಾಲು ಅಲ್ಲಿ ಅಪರೂಪದ ಅತಿಥಿ; ಜನ ಸಾಲುಗಟ್ಟಿ ನೋಡಲು ಬಂದರಂತೆ.

ನಮ್ಮಲ್ಲಿ ಅಂಥ ಕಾನೂನಿನ ಒತ್ತಡ ಕಡಿಮೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಜಲವಿದ್ಯುತ್ತಿಗೆ, ನೀರಾವರಿಗೆ ಸಾಲುಗಳಿವೆ. ನದಿ ದಂಡೆಯ ತಡೆಗೋಡೆ ಎಂಬುದಕ್ಕೆ ಪ್ರತ್ಯೇಕ ಸಾಲಿಲ್ಲ. ಹಾಗಾಗಿ ಎಷ್ಟೋ ಗೋಡೆಗಳು ಯಾರೂ ಒಂದು ಹಕ್ಕಿಯನ್ನೂ ಎಣಿಸದೆ ಎದ್ದುಬಿಡುತ್ತವೆ. ದರಪಟ್ಟಿಯಲ್ಲಿ ಸೈಜುಗಲ್ಲಿಗೆ ರೇಟಿದೆ, ಗೇಬಿಯನ್ ಬಲೆಗೆ ರೇಟಿದೆ, ನೀರು ಪಂಪ್ ಮಾಡಿ ಹೊರಹಾಕುವುದಕ್ಕೂ ರೇಟಿದೆ. ಹಕ್ಕಿ ಸಮೀಕ್ಷೆಗೆ ರೇಟು ನಾನಂತೂ ಕಂಡಿಲ್ಲ. ಈ ಕೊರತೆ ನಮ್ಮ ಕಡೆಯದು, ಒಪ್ಪಿಕೊಳ್ಳೋಣ. ಆದರೆ ಕಾನೂನು ಬರಲಿ ಅಂತ ಕಾಯುತ್ತಾ ಕೂತರೆ ಅಷ್ಟರಲ್ಲಿ ಎರಡೂ ದಂಡೆ ಕಾಂಕ್ರೀಟ್ ಆಗಿರುತ್ತದೆ.

ಒಂದು ಅನುಮಾನ ಬೇಡ: ನಾನು ಗೋಡೆಯ ವಿರೋಧಿಯಲ್ಲ. ಕುಶಾಲನಗರದ ಸಾಯಿ ಬಡಾವಣೆಯಲ್ಲಿ 2018, 2019ರ ನೆರೆಯ ಮಳೆಗಾಲ ಕಳೆದವರ ಎದುರು ನಿಂತು "ಹಕ್ಕಿ ಮುಖ್ಯ" ಅನ್ನುವ ಧೈರ್ಯ ನನಗಿಲ್ಲ, ನಿಮಗೂ ಇರಬಾರದು. ಅಟ್ಟದ ಮೇಲೆ ಅಕ್ಕಿ ಮೂಟೆ ಏರಿಸಿ ರಾತ್ರಿ ಕಳೆದವರಿಗೆ ಗೋಡೆ ಬೇಕು. ಗೋಡೆ ಎಲ್ಲಿ, ಎಷ್ಟು ಹಿಂದೆ, ಯಾವ ತಿಂಗಳಲ್ಲಿ ಎಂಬುದಷ್ಟೇ ನಮ್ಮ ನಿಮ್ಮ ನಡುವಿನ ಮಾತು. ಆ ಮಾತಿಗೆ ನಿಮ್ಮ ಕಡೆಯಿಂದ ಬರಬೇಕಾದದ್ದು ಏನು ಅಂತ ಈಗ ಹೇಳುತ್ತೇನೆ.

ನಿಮ್ಮ ದಾಖಲೆಗಳನ್ನು ನಾನು ಇ-ಬರ್ಡ್‌ನಲ್ಲಿ ನೋಡಿದ್ದೇನೆ. ಶ್ರಮಕ್ಕೆ ಕೈಮುಗಿಯಬೇಕು. ಆದರೆ ಎಷ್ಟೋ ಪಟ್ಟಿಗಳಲ್ಲಿ ಸಂಖ್ಯೆಯ ಜಾಗದಲ್ಲಿ 'ಎಕ್ಸ್' ಎಂದಿರುತ್ತದೆ. ಇತ್ತು ಅಂತ ಅರ್ಥ, ಎಷ್ಟು ಅಂತ ಇಲ್ಲ. ನನಗೆ ಎಕ್ಸ್ ಬೇಡ. ನಾಲ್ಕು ಅಂದರೆ ನಾಲ್ಕು, ನಾಲ್ಕು ನೂರು ಅಂದರೆ ನಾಲ್ಕು ನೂರು. ಇನ್ನೊಂದು, ಮೂರು ಕಿಲೋಮೀಟರ್ ನಡೆದು ಕಂಡದ್ದನ್ನೆಲ್ಲ ಸೇತುವೆಯ ಹತ್ತಿರದ ಒಂದೇ ಚುಕ್ಕೆಗೆ ಬರೆದುಬಿಡುತ್ತೀರಿ. ಆ ಚುಕ್ಕೆಯಿಂದ ನಾನು ಗೋಡೆಯನ್ನು ಸರಿಸಲಾರೆ. ಹೊಳೆಯ ಉದ್ದವನ್ನು ಅರ್ಧ ಅರ್ಧ ಕಿಲೋಮೀಟರ್ ತುಂಡು ಮಾಡಿ, ಪ್ರತಿ ತುಂಡಿಗೂ ನಂಬರು ಕೊಟ್ಟು, ಎಡದಂಡೆ ಬಲದಂಡೆ ಬೇರೆ ಬೇರೆ ಬರೆಯಿರಿ. ನಮ್ಮ ನಕ್ಷೆಯ ಚೈನೇಜ್, ಅಂದರೆ ಗೆರೆಯುದ್ದಕ್ಕೂ ಹಾಕಿದ ದೂರದ ಗುರುತು, ಸಿಕ್ಕರೆ ಅದನ್ನೇ ಬಳಸಿ. ಆಗ ನಿಮ್ಮ ಎಣಿಕೆ ನನ್ನ ಗೆರೆಯ ಮೇಲೆ ತಾನಾಗಿ ಬಂದು ಕೂರುತ್ತದೆ.

ಏನೂ ಕಾಣದ ದಿನವನ್ನೂ ಬರೆಯಿರಿ. ಇದು ನಿಮಗೆ ಕಷ್ಟ ಅಂತ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ಹೋಗಿ, ನಾಲ್ಕು ಬೆಳ್ಳಕ್ಕಿ ಬಿಟ್ಟು ಬೇರೇನೂ ಕಾಣದೆ ಬಂದವರು ಪಟ್ಟಿ ಹಾಕುವುದಿಲ್ಲ. ನನಗೆ ಆ ಖಾಲಿ ದಿನವೇ ಬೇಕು. ಏಳನೇ ತುಂಡಿನಲ್ಲಿ ಎಲ್ಲ ತಿಂಗಳೂ ಸೊನ್ನೆ ಅಂದರೆ ಗೋಡೆಯ ಕಲ್ಲು, ಲಾರಿ ದಾರಿ, ಕ್ಯಾಂಪು ಎಲ್ಲ ಅಲ್ಲಿಗೆ ಹಾಕಿ ಎಂದು ನಾನು ಧೈರ್ಯವಾಗಿ ಬರೆಯಬಹುದು. ನಿಮ್ಮ ಸೊನ್ನೆ ಹನ್ನೊಂದನೇ ತುಂಡಿನ ಗೂಡುಗಳನ್ನು ಉಳಿಸುತ್ತದೆ.

ಎಣಿಕೆ ತಿಂಗಳಿಗೊಮ್ಮೆ, ನವೆಂಬರ್‌ನಿಂದ ಜೂನ್‌ವರೆಗೆ, ಕನಿಷ್ಠ ಎರಡು ವರ್ಷ. ಒಂದೇ ವರ್ಷದ್ದಾದರೆ ಆ ವರ್ಷ ಬರವೋ ನೆರೆಯೋ ಆಗಿ ಲೆಕ್ಕ ತಪ್ಪಿಹೋಗುತ್ತದೆ. ಬಿಲಗಳ ಸಾಲು ಸಿಕ್ಕರೆ ಎಷ್ಟು ಬಿಲ, ನೀರಿನಿಂದ ಎಷ್ಟು ಎತ್ತರದಲ್ಲಿ, ಮಣ್ಣು ಎಂಥದ್ದು ಅಂತ ಬರೆಯಿರಿ. ಎತ್ತರ ಅಳೆಯಲು ಒಂದು ಉದ್ದ ಕೋಲು ಸಾಕು. ಸಂಜೆ ಹಕ್ಕಿಗಳು ತಂಗುವ ಮರಗಳನ್ನೂ ಗುರುತು ಹಾಕಿ. ಗೋಡೆಗಿಂತ ಮುಂಚೆ ಬೀಳುವುದು ಮರಗಳೇ, ಲಾರಿ ಓಡಾಡಲು. ಗೂಡಿನ ನಿಖರ ಜಾಗವನ್ನು ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಭಾನುವಾರ ಇಪ್ಪತ್ತು ಕ್ಯಾಮೆರಾ ಬಂದು ಮರಳುದಿಬ್ಬದಲ್ಲಿ ಕುಕ್ಕರುಗಾಲಲ್ಲಿ ಕೂತರೆ ನನ್ನ ಹಿಟಾಚಿಗೂ ಅವರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಇದೆಲ್ಲ ಬೇಸರದ ಕೆಲಸ, ನಿಜ. ಅಪರೂಪದ ಹಕ್ಕಿ ಸಿಗುವುದಿಲ್ಲ, ಸಿಕ್ಕಿದ ಸಾಮಾನ್ಯ ಹಕ್ಕಿಯನ್ನೇ ಮತ್ತೆ ಮತ್ತೆ ಎಣಿಸಬೇಕು. ಆದರೆ ಈ ನಾಡಿನಲ್ಲಿ ಒಂದು ಸಮೀಕ್ಷೆ ಏನು ಮಾಡಬಲ್ಲದು ಎಂಬುದಕ್ಕೆ ರಂಗನತಿಟ್ಟು ಕಣ್ಣೆದುರಿಗಿದೆ. ಆ ತಿಟ್ಟುಗಳು ತಾವಾಗಿ ಆದವಲ್ಲ. 17ನೇ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಹಾಕಿದ ಅಡ್ಡಕಟ್ಟೆಯಿಂದ ನೀರು ನಿಂತು ರೂಪುಗೊಂಡವು ಅನ್ನುತ್ತಾರೆ. ಸಾಲಿಂ ಅಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಅಲ್ಲಿನ ಗೂಡುಗಳನ್ನು ಕಂಡು ಮಹಾರಾಜರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣವೂ ಆಯಿತು. ಈಚಿನ ನೆರೆಗಳಲ್ಲಿ ಕನ್ನಂಬಾಡಿಯಿಂದ ಬಿಟ್ಟ ನೀರು ತಿಟ್ಟುಗಳ ಅಂಚನ್ನು ಕೊರೆದು, ಮರಳಿನ ಚೀಲ ಪೇರಿಸಿ ಅವನ್ನು ಹಿಡಿದಿಡುವ ಕೆಲಸ ನಡೆಯಿತು. ಗಮನಿಸಿ, ಇಲ್ಲಿ ನೆರೆ ತಡೆ ಕಟ್ಟಿದ್ದು ಹಕ್ಕಿಗಾಗಿಯೇ. ಯಾವ ತಿಟ್ಟಿಗೆ ಮೊದಲು ಚೀಲ ಹಾಕಬೇಕು? ಯಾವುದರಲ್ಲಿ ಬಣ್ಣದ ಕೊಕ್ಕರೆ, ಯಾವುದರಲ್ಲಿ ಹೆಜ್ಜಾರ್ಲೆ, ಯಾವುದು ಖಾಲಿ ಅಂತ ತಿಟ್ಟಿನ ಲೆಕ್ಕದಲ್ಲಿ ಎಣಿಕೆ ಇದ್ದರೆ ಅದನ್ನು ಅರ್ಧ ಗಂಟೆಯಲ್ಲಿ ತೀರ್ಮಾನಿಸಬಹುದು.

ಕೊನೆಯದಾಗಿ ಕೆಲಸದ ಮಾತು. ನಿಮ್ಮ ಊರಿನ ಹತ್ತಿರ ಕಳೆದ ಐದಾರು ವರ್ಷಗಳಲ್ಲಿ ನೆರೆ ಬಂದ, ಇನ್ನೂ ಗೋಡೆ ಏಳದ ಹೊಳೆಯ ಒಂದು ತುಣುಕನ್ನು ಆರಿಸಿಕೊಳ್ಳಿ. ಇಂದಲ್ಲ ನಾಳೆ ಅಲ್ಲಿಗೆ ಗೋಡೆ ಬರುವುದು ಖಚಿತ. ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಎಣಿಕೆ ಶುರು ಮಾಡಿ. ಮೊದಲ ವರ್ಷದ ತಖ್ತೆಯನ್ನು ಎರಡು ಪುಟಕ್ಕೆ ಇಳಿಸಿ, ಒಂದು ನಕ್ಷೆ ಲಗತ್ತಿಸಿ, ಫೋಟೋ ಒಂದೇ ಸಾಕು. ಸಂಬಂಧಪಟ್ಟ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಹೋಗಿ ಟಪಾಲಿನಲ್ಲಿ ಕೊಡಿ, ಪ್ರತಿಯನ್ನು ಅರಣ್ಯ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಹಾಕಿ. ಸಾಹೇಬರ ಕೈಗೇ ಕೊಡುತ್ತೇವೆ ಅಂತ ಹೊರಗಿನ ಬೆಂಚಿನ ಮೇಲೆ ಕಾಯಬೇಡಿ. ಸಾಹೇಬರು ವರ್ಗವಾಗಿ ಹೋಗುತ್ತಾರೆ, ಫೈಲು ಉಳಿಯುತ್ತದೆ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ತಡೆಗೋಡೆಗಳ ಡಿಪಿಆರ್ ಬರೆಯುವ ಒಬ್ಬ ಎಂಜಿನಿಯರ್